ದಡಕ್ಕೆ ಮಕ್ಕಳನ್ನು ಕಳಿಸುವ ಮೊದಲು: ಮುಂಬೈ ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮಲಾಡ್, ಗೋರೆಗಾಂವ್, ಅಂಧೇರಿ ಕಡೆಯ ಕೆಲವು ಕನ್ನಡ ಮನೆಗಳವರು. ತಿಂಗಳಿಗೆ ಎರಡು ಸಲ ಶಾಲೆ ಮಕ್ಕಳನ್ನು ಕರೆದುಕೊಂಡು ಮಢ್ ಕಡೆಯ ಒಂದು ದ್ವೀಪದ ದಡಕ್ಕೆ, ಆ ದಡವನ್ನು ನೋಡಿಕೊಳ್ಳಲು ಹೋಗುತ್ತೇವೆ. ನಮ್ಮದು ಸಂಸ್ಥೆ ಅಲ್ಲ. ರಸೀದಿ ಪುಸ್ತಕ ಇಲ್ಲ, ಚಂದಾ ಇಲ್ಲ. ಫೋನ್ ಮಾಡುವವರೆಲ್ಲ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳುತ್ತಾರೆ, ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಉದ್ದ ಆಗಿದೆ. ಆದರೂ ಮಗುವನ್ನು ಕಡಲ ಹತ್ತಿರ ಕಳಿಸುವವರು ಪೂರ್ತಿ ಓದಿಯೇ ಕಳಿಸಿ.

ಮಕ್ಕಳು ಅಲ್ಲಿ ಏನು ಮಾಡುತ್ತಾರೆ? ಕಸ ಹೆಕ್ಕುವುದಾ?

ಹೆಕ್ಕುತ್ತಾರೆ. ಆದರೆ ಅದು ಕೆಲಸದ ಮೂರನೇ ಒಂದು ಪಾಲು ಮಾತ್ರ. ಉಳಿದ ಹೊತ್ತು ಅಳೆಯುತ್ತಾರೆ, ಎಣಿಸುತ್ತಾರೆ, ಬರೆಯುತ್ತಾರೆ, ಬಳ್ಳಿ ನೆಡುತ್ತಾರೆ, ನೆಟ್ಟದ್ದು ಬದುಕಿದೆಯಾ ಅಂತ ನೋಡುತ್ತಾರೆ. ನಾವು ಪ್ರತಿ ಸಲವೂ ಅದೇ ದಡಕ್ಕೆ ಹೋಗುತ್ತೇವೆ. ಇನ್ನೂರು ಹೆಜ್ಜೆ ಉದ್ದದ ಒಂದು ತುಂಡು, ಅಷ್ಟೇ. ಹೊಸ ಬೀಚ್ ತೋರಿಸಿ ಅಂತ ಮಕ್ಕಳೇ ಕೇಳುವುದುಂಟು, ನಾನು ಒಪ್ಪುವುದಿಲ್ಲ. ಒಂದು ಜಾಗವನ್ನು ಮಳೆಗಾಲದಲ್ಲೂ ಚಳಿಯಲ್ಲೂ ಬೇಸಿಗೆಯಲ್ಲೂ ನೋಡಿದ ಮಗುವಿಗೆ ಅಲ್ಲಿ ಏನು ಕಡಿಮೆಯಾಯಿತು, ಏನು ಹೊಸದಾಗಿ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ತಾನಾಗಿಯೇ ಕಾಣುತ್ತದೆ.

ದ್ವೀಪದ ದಡ ಅಂತೀರಿ. ಮುಂಬೈಯಲ್ಲಿ ದ್ವೀಪ ಎಲ್ಲಿದೆ?

ನೀವು ನಿಂತಿರುವುದೇ ದ್ವೀಪದ ಮೇಲೆ. ಕೊಲಾಬಾ, ಪುಟ್ಟ ಕೊಲಾಬಾ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್, ನಡುವೆ ಬೊಂಬಾಯಿ, ಹೀಗೆ ಏಳು ದ್ವೀಪಗಳನ್ನು ಮಣ್ಣು ತುಂಬಿ ಹೊಲಿದದ್ದು ಹಳೆಯ ಮುಂಬೈ. ಬಾಂದ್ರಾದಿಂದ ಆಚೆ ಇರುವುದು ಸಾಷ್ಟಿ ದ್ವೀಪ, ಒಂದು ಕಡೆ ವಸಯಿ ಖಾಡಿ, ಇನ್ನೊಂದು ಕಡೆ ಠಾಣೆ ಖಾಡಿ. ಖಾಡಿ ಅಂದರೆ ನೆಲದೊಳಗೆ ಚಾಚಿಕೊಂಡ ಕಡಲ ನೀರು. ಜುಹೂ, ವರ್ಸೋವಾ, ಅಕ್ಸಾ ಎಲ್ಲ ಅದರ ಪಡುವಣ ಅಂಚು. ಮಢ್ ಊರನ್ನು ಈಗಲೂ ಜನ ಐಲ್ಯಾಂಡ್ ಅಂತಲೇ ಕರೆಯುತ್ತಾರೆ. ರಸ್ತೆಯಲ್ಲಿ ಹೋದರೆ ಗೊತ್ತಾಗುವುದಿಲ್ಲ, ವರ್ಸೋವಾದಿಂದ ದೋಣಿಯಲ್ಲಿ ಖಾಡಿ ದಾಟಿದರೆ ಗೊತ್ತಾಗುತ್ತದೆ.

ದ್ವೀಪದ ದಡಕ್ಕೆ ಒಂದು ಕಷ್ಟ ಜಾಸ್ತಿ. ಮರಳು ಹೋದರೆ ಹಿಂದೆ ಸರಿಯಲು ಅದಕ್ಕೆ ಜಾಗ ಇಲ್ಲ. ಹಿಂದೆ ಮನೆ, ರಸ್ತೆ, ಗೋಡೆ.

ಎಷ್ಟು ವಯಸ್ಸಿನ ಮಕ್ಕಳು ಬರಬಹುದು?

ಐದನೇ ತರಗತಿಯಿಂದ ಹತ್ತರವರೆಗೆ. ಚಿಕ್ಕವರು ಬಂದರೆ ಜೊತೆಗೆ ಅಪ್ಪ ಅಥವಾ ಅಮ್ಮ ಇರಲೇಬೇಕು.

ಇದು ಪಾಲಿಕೆಯ ಕೆಲಸ ಅಲ್ವಾ? ನಾವು ಊರು ಬಿಟ್ಟು ಬಂದದ್ದು ಮಕ್ಕಳು ಕಸ ಹೆಕ್ಕಲಿ ಅಂತಾನಾ?

ಈ ಪ್ರಶ್ನೆಯನ್ನು ನಾನು ತುಂಬಾ ಗೌರವದಿಂದ ಕೇಳಿಸಿಕೊಳ್ಳುತ್ತೇನೆ. ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಅಪ್ಪಂದಿರು ಕೇಳುವ ಪ್ರಶ್ನೆ ಇದು. ಹೌದು, ದಡ ಗುಡಿಸುವುದು ಪಾಲಿಕೆಯ ಕೆಲಸ, ಅದಕ್ಕೆ ಕಾರ್ಮಿಕರಿದ್ದಾರೆ, ಅವರಿಗೆ ಸಂಬಳ, ಕೈಗವಸು, ಬೂಟು ಎಲ್ಲ ಸರಿಯಾಗಿ ಸಿಗಬೇಕು. ಅವರ ಕೆಲಸವನ್ನು ನಮ್ಮ ಮಕ್ಕಳು ಪುಕ್ಕಟೆ ಮಾಡಿಕೊಡುವುದು ನನಗೂ ಬೇಡ.

ಆದರೆ ಲೆಕ್ಕ ಇಡುವುದು ಯಾರ ಕೆಲಸ? ಲಾರಿಯಲ್ಲಿ ಹೋದ ಕಸಕ್ಕೆ ತೂಕ ಮಾತ್ರ ಇರುತ್ತದೆ. ಅದರಲ್ಲಿ ಎಷ್ಟು ಶಾಂಪೂ ಸ್ಯಾಶೆ, ಎಷ್ಟು ಬಲೆ ತುಂಡು, ಎಷ್ಟು ಥರ್ಮಕೋಲ್ ಅನ್ನುವುದು ಕೂತು ಎಣಿಸಿದರೆ ಮಾತ್ರ ತಿಳಿಯುತ್ತದೆ. ಎಣಿಸಲು ಮಕ್ಕಳಷ್ಟು ತಾಳ್ಮೆ ದೊಡ್ಡವರಿಗೆ ಇಲ್ಲ, ನಾನು ನೋಡಿದ್ದೇನೆ.

ಬಾಲಿ ದ್ವೀಪದ ಮೆಲಾಟಿ ಮತ್ತು ಇಸಾಬೆಲ್ ವೈಸೆನ್ ಅನ್ನುವ ಅಕ್ಕ ತಂಗಿ 2013ರಲ್ಲಿ ಪ್ಲಾಸ್ಟಿಕ್ ಚೀಲದ ವಿರುದ್ಧ ಕೆಲಸ ಶುರು ಮಾಡಿದಾಗ ಒಬ್ಬಳಿಗೆ ಹನ್ನೆರಡು, ಇನ್ನೊಬ್ಬಳಿಗೆ ಹತ್ತು ವರ್ಷ. ದಡ ಸ್ವಚ್ಛ ಮಾಡಿದರು, ಸಹಿ ಸಂಗ್ರಹಿಸಿದರು, ಗವರ್ನರ್ ಹತ್ತಿರ ಹೋದರು. 2019ರಲ್ಲಿ ಬಾಲಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಚೀಲಗಳಿಗೆ ನಿಷೇಧ ಬಂತು. ನಿಷೇಧ ಆ ಇಬ್ಬರಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ದೊಡ್ಡವರು ನಾಚಿಕೊಂಡು ಕೂತು ಕೇಳುವಂತೆ ಮಾಡಿದ್ದು ಆ ಮಕ್ಕಳು.

ನಾವು ಎತ್ತಿದರೆ ನಾಳೆ ಮತ್ತೆ ಬರುತ್ತದೆ. ಏನು ಪ್ರಯೋಜನ?

ಮತ್ತೆ ಬರುತ್ತದೆ, ನಿಜ. ಮೊದಲನೇ ವರ್ಷ ನನಗೂ ಇದೇ ಚಿಂತೆ ಕಾಡಿತ್ತು. ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡ ಮೇಲೆ ಸ್ವಲ್ಪ ದಾರಿ ಕಂಡಿತು.

ಮುಂಬೈಯ ಮಳೆನೀರಿನ ನಾಲೆಗಳೆಲ್ಲ ಕೊನೆಗೆ ಕಡಲಿಗೇ ಸೇರುತ್ತವೆ. ಮೀಠಿ ನದಿ ಮಾಹಿಮ್ ಖಾಡಿಗೆ, ಓಶಿವಾರಾ ನದಿ ಮಲಾಡ್ ಖಾಡಿಗೆ, ದಹಿಸರ್ ನದಿ ಮನೋರಿ ಖಾಡಿಗೆ. ಮಲಾಡ್ ಖಾಡಿಯ ಬಾಯಿ ಇರುವುದು ವರ್ಸೋವಾ ಮತ್ತು ಮಢ್ ನಡುವೆ. ಗೋರೆಗಾಂವಿನ ಗಲ್ಲಿಯಲ್ಲಿ ಬಿದ್ದ ಚಿಪ್ಸ್ ಪೊಟ್ಟಣ ಮೊದಲ ಮಳೆಗೆ ಹೊರಟು ಖಾಡಿ ಸೇರಿ, ಭರತದ ಜೊತೆ, ಅಂದರೆ ಕಡಲ ನೀರು ಏರುವಾಗ, ನಮ್ಮ ದಡಕ್ಕೆ ಬಂದು ಕೂರುತ್ತದೆ. ಅಂದರೆ ಮಕ್ಕಳು ಹೆಕ್ಕುವುದು ತಮ್ಮದೇ ಬೀದಿಯ ಕಸ. ಇದು ಗೊತ್ತಾದ ದಿನ ಒಬ್ಬ ಏಳನೇ ಕ್ಲಾಸಿನ ಹುಡುಗ ಮನೆ ಹತ್ತಿರದ ನಾಲೆಯನ್ನು ನೋಡಿ ಬಂದು, ಅಲ್ಲೇ ಒಂದು ಜಾಲರಿ ಹಾಕಿದರೆ ಆಗಲ್ವಾ ಅಂತ ಕೇಳಿದ. ಆಗುತ್ತದೆ. ಅವನ ಕಟ್ಟಡದವರು ಹಾಕಿದ್ದಾರೆ ಕೂಡ.

2005ರ ಜುಲೈ 26 ನೆನಪಿದೆಯಲ್ಲ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅಂದು ನಾಲೆಗಳು ಕಟ್ಟಿಕೊಳ್ಳಲು ಪ್ಲಾಸ್ಟಿಕ್ ಚೀಲಗಳೂ ಒಂದು ಕಾರಣ ಅಂತ ಎಲ್ಲರೂ ಮಾತಾಡಿದರು. ಮಹಾರಾಷ್ಟ್ರದಲ್ಲಿ 2018ರಲ್ಲಿ ಚೀಲಗಳಿಗೆ ನಿಷೇಧ ಬಂತು. ದೇಶಕ್ಕೆಲ್ಲ ಸೇರಿ 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ಇಯರ್‌ಬಡ್ ಕಡ್ಡಿ ಮುಂತಾದವು ನಿಂತವು, ಅಂದರೆ ಕಾಗದದ ಮೇಲೆ ನಿಂತವು. ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರುವಂತಿಲ್ಲ ಅಂತ 2016ರ ನಿಯಮದಲ್ಲೇ ಇದೆ. ಮಕ್ಕಳು ಲೆಕ್ಕ ಬರೆಯುವ ನಮ್ಮ ಪುಸ್ತಕದಲ್ಲಿ ಇವೆಲ್ಲಕ್ಕೂ ಒಂದೊಂದು ಗೆರೆ ಇದೆ, ಪ್ರತಿ ಸಲ ಎಷ್ಟು ಸಿಕ್ಕಿತು ಅಂತ. ಪೊಟ್ಟಣದ ಮೇಲೆ ವಿಳಾಸ ಇದ್ದರೆ ಮಕ್ಕಳು ಆ ಕಂಪನಿಗೆ ಕಾರ್ಡ್ ಬರೆಯುತ್ತಾರೆ. ಪೊಟ್ಟಣ ಮಾಡಿದವರೇ ಅದರ ಕಸಕ್ಕೂ ಜವಾಬ್ದಾರರು ಅನ್ನುವುದು ಈಗ ಕಾನೂನು, ಮಕ್ಕಳು ಅದನ್ನು ನೆನಪಿಸುತ್ತಾರೆ ಅಷ್ಟೇ.

ವರ್ಸೋವಾದ ಕಥೆಯನ್ನೂ ಹೇಳಬೇಕು. ಅಫ್ರೋಜ್ ಶಾ ಅನ್ನುವ ವಕೀಲರು 2015ರ ಅಕ್ಟೋಬರಿನಲ್ಲಿ ಒಬ್ಬ ವೃದ್ಧ ನೆರೆಯವರ ಜೊತೆ ಅಲ್ಲಿ ಕಸ ತೆಗೆಯಲು ಶುರು ಮಾಡಿದರು. ಇಬ್ಬರೇ. ವಾರ ವಾರ ಅದೇ ದಡ. ಆಮೇಲೆ ಜನ ಸೇರಿದರು, ಶಾಲೆ ಮಕ್ಕಳು ಸೇರಿದರು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಕಡಲಾಮೆ ಮರಿಗಳು ಹೊರಬಂದು ನೀರಿಗೆ ಹೋದವು. ಕಸ ಇವತ್ತಿಗೂ ಬರುತ್ತದೆ ಅಲ್ಲಿ. ಆದರೆ ಆಮೆ ಬಂದದ್ದು ಸುಳ್ಳಲ್ಲ.

ಬರೀ ಮುಂಬೈಯ ತೊಂದರೆಯಾ ಇದು? ಜನ ಕಡಿಮೆ ಇರುವ ದ್ವೀಪದಲ್ಲಿ ದಡ ಚೆನ್ನಾಗಿರುತ್ತದಲ್ವಾ?

ಇರುವುದಿಲ್ಲ. ಹಿಂದೂ ಮಹಾಸಾಗರದಲ್ಲಿ ಕೋಕೋಸ್ ದ್ವೀಪಗಳಿವೆ, ಆಸ್ಟ್ರೇಲಿಯಾಕ್ಕೆ ಸೇರಿದ್ದು, ಜನ ಆರುನೂರರ ಆಸುಪಾಸು. 2019ರಲ್ಲಿ ಪ್ರಕಟವಾದ ಅಧ್ಯಯನ ಅಲ್ಲಿಯ ದಡಗಳಲ್ಲಿ ಸುಮಾರು 41.4 ಕೋಟಿ ಪ್ಲಾಸ್ಟಿಕ್ ತುಂಡುಗಳಿವೆ ಅಂತ ಅಂದಾಜು ಮಾಡಿತು. ಅದರಲ್ಲಿ ಬಹುಪಾಲು ಮರಳಿನ ಮೇಲೆ ಕಾಣುವುದೇ ಇಲ್ಲ, ಒಳಗೆ ಹೂತಿದೆ. ಒಂಬತ್ತು ಲಕ್ಷಕ್ಕೂ ಜಾಸ್ತಿ ಚಪ್ಪಲಿ, ಶೂಗಳು! ಆರುನೂರು ಜನ ಅಷ್ಟು ಚಪ್ಪಲಿ ಹಾಕುತ್ತಾರಾ? ಯಾರೋ ಎಲ್ಲೋ ಬಿಟ್ಟದ್ದು. ಮಕ್ಕಳಿಗೆ ಇದನ್ನು ಹೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದರು.

ದಡದ ಮೇಲೆ ಕಂಡದ್ದೆಲ್ಲ ಎತ್ತಬೇಕಾ?

ಬೇಡವೇ ಬೇಡ. ಇದನ್ನು ಮೊದಲ ದಿನವೇ ಕಲಿಸುತ್ತೇವೆ.

ಕಡಲಪಾಚಿ, ಒಣಗಿದ ಸೊಪ್ಪು, ಕಟ್ಟಿಗೆ ತುಂಡು ಎಲ್ಲ ಇದ್ದಲ್ಲೇ ಇರಲಿ. ಅದರ ಕೆಳಗೆ ಹುಳಹುಪ್ಪಟೆ ಇರುತ್ತವೆ, ಅದನ್ನು ತಿನ್ನಲು ಹಕ್ಕಿ ಬರುತ್ತದೆ, ಗಾಳಿಗೆ ಹಾರುವ ಮರಳು ಅಲ್ಲೇ ತಡೆದು ನಿಲ್ಲುತ್ತದೆ. ಚಿಪ್ಪು ಮನೆಗೆ ಒಯ್ಯುವಂತಿಲ್ಲ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆಗಳು ಚಿತ್ತಾರದಂತೆ ಹರಡಿರುತ್ತವಲ್ಲ, ಅದು ಪುಟ್ಟ ಏಡಿಗಳು ಮರಳಿನಿಂದ ಆಹಾರ ಸೋಸಿ ಬಿಟ್ಟ ಗುಳಿಗೆ. ತುಳಿಯದೆ ಸುತ್ತಿ ಹೋಗಿ.

ಎತ್ತಬೇಕಾದದ್ದು ಪ್ಲಾಸ್ಟಿಕ್, ಥರ್ಮಕೋಲ್, ಬಲೆ, ಬಟ್ಟೆ. ಗಾಜು ಮತ್ತು ಸಿರಿಂಜ್ ಕಂಡರೆ ಮಕ್ಕಳು ಕೈ ಎತ್ತಿ ನಿಲ್ಲಬೇಕು, ದೊಡ್ಡವರು ಬಂದು ಇಕ್ಕಳದಿಂದ ತೆಗೆಯುತ್ತಾರೆ. ಮರಳಿನಲ್ಲಿ ಆಳವಾಗಿ ಹೂತ ದೊಡ್ಡ ಬಲೆಯನ್ನು ಎಳೆಯಬೇಡಿ, ಎಳೆದರೆ ಅರ್ಧ ದಡ ಕಿತ್ತು ಬರುತ್ತದೆ. ಕತ್ತರಿಸಿ ಮೇಲಿನದ್ದು ಮಾತ್ರ ತೆಗೆಯುವುದು.

ಭರತ ಇಳಿತದ ಲೆಕ್ಕ ಹೇಗೆ? ಪ್ರತಿ ಸಲ ಬೇರೆ ಬೇರೆ ಟೈಮ್ ಹೇಳುತ್ತೀರಲ್ಲ?

ಟೈಮ್ ಬದಲಾಯಿಸುವುದು ನಾವಲ್ಲ, ಚಂದ್ರ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಹೆಚ್ಚುಕಡಿಮೆ ನಡುಮಧ್ಯಾಹ್ನಕ್ಕೆ ಭರತ, ಬೆಳಗ್ಗೆ ಆರರ ಸುಮಾರಿಗೆ ಇಳಿತ. ಮರುದಿನ ಸುಮಾರು ಐವತ್ತು ನಿಮಿಷ ತಡ. ಅದರ ಮರುದಿನ ಇನ್ನೂ ಐವತ್ತು. ಅಂದರೆ ಹುಣ್ಣಿಮೆ ಕಳೆದ ಎರಡನೇ ದಿನಕ್ಕೆ ಇಳಿತ ಏಳೂವರೆ ಹೊತ್ತಿಗೆ ಬರುತ್ತದೆ. ನಮಗೆ ಅದೇ ಬೇಕು. ಹಾಗಾಗಿ ಹುಣ್ಣಿಮೆ ಅಮಾವಾಸ್ಯೆ ಆದ ಮೇಲೆ ಬರುವ ಶನಿವಾರ ಅಥವಾ ಭಾನುವಾರ ಆರಿಸುತ್ತೇವೆ, ತಾರೀಕನ್ನು ಭರತದ ಪಟ್ಟಿ ನೋಡಿ ಖಚಿತ ಮಾಡುತ್ತೇವೆ. ಅಷ್ಟಮಿಯ ಸುಮಾರಿಗೆ ಇಳಿತ ಮಧ್ಯಾಹ್ನ ಬೀಳುತ್ತದೆ, ಬಿಸಿಲು, ಮಕ್ಕಳಿಗೆ ಆಗುವುದಿಲ್ಲ.

ಇಲ್ಲಿಯ ಕೋಲಿ ಸಮುದಾಯದ ಮೀನುಗಾರರು ಇದನ್ನು ತಿಥಿ ಹಿಡಿದೇ ಹೇಳುತ್ತಾರೆ. ದೊಡ್ಡ ಭರತದ ದಿನಗಳಿಗೆ ಉಧಾಣ್, ಸಣ್ಣ ಭರತದ ದಿನಗಳಿಗೆ ಭಾಂಗ್ ಅಂತ ಹೆಸರು. ಉಧಾಣ್ ದಿನ ನೀರಿನ ಏರಿಳಿತ ಐದು ಮೀಟರಿನ ಹತ್ತಿರ ಹೋಗುತ್ತದೆ, ಅಂದರೆ ಒಂದೂವರೆ ಅಂತಸ್ತು. ನಮ್ಮ ಉಡುಪಿ, ಕುಂದಾಪುರ ಕಡೆ ಇಷ್ಟು ಏರುವುದಿಲ್ಲ. ಊರಿನ ಕಡಲು ಗೊತ್ತು ಅಂತ ಇಲ್ಲಿ ಧೈರ್ಯ ಮಾಡಬೇಡಿ.

ಸುರಕ್ಷತೆ?

ಒಂದೇ ನಿಯಮ, ಯಾರಿಗೂ ರಿಯಾಯಿತಿ ಇಲ್ಲ: ಮೊಣಕಾಲಿಗೆ ನೀರು ತಾಗುವಲ್ಲಿ ಯಾವ ಮಗುವೂ ಹೋಗುವುದಿಲ್ಲ. ಅಕ್ಸಾ ಕಡೆ ಈಜಲು ಹೋಗಿ ಎಷ್ಟೋ ಜನ ಮುಳುಗಿದ್ದಾರೆ, ಪ್ರತಿ ವರ್ಷ ಸುದ್ದಿ ಓದುತ್ತೀರಿ. ನಾವು ನೀರು ಇಳಿಯುತ್ತಿರುವಾಗ ಕೆಲಸ ಶುರು ಮಾಡಿ, ಮತ್ತೆ ಏರಲು ಶುರುವಾದ ಒಂದು ಗಂಟೆಯೊಳಗೆ ಗಂಟು ಕಟ್ಟುತ್ತೇವೆ. ಐದು ಮಕ್ಕಳಿಗೆ ಒಬ್ಬರು ದೊಡ್ಡವರು. ಹದಿನೈದು ನಿಮಿಷಕ್ಕೊಮ್ಮೆ ಸೀಟಿ, ಸೀಟಿಗೆ ತಲೆ ಎಣಿಕೆ.

ಚಪ್ಪಲಿ ಬೇಡ, ಮುಚ್ಚಿದ ಶೂ ಬೇಕು. ದಪ್ಪ ರಬ್ಬರ್ ಕೈಗವಸು ನಾವು ಕೊಡುತ್ತೇವೆ. ಧನುರ್ವಾಯು ಚುಚ್ಚುಮದ್ದು ಆಗಿದೆಯಾ ನೋಡಿಕೊಳ್ಳಿ. ಕೈಯಲ್ಲಿ ಗಾಯ ಇದ್ದರೆ ಆ ಮಗು ಅಂದು ಬರೆಯುವ ಕೆಲಸಕ್ಕೆ.

ಮಳೆಗಾಲದಲ್ಲಿ ನೀಲಿ ಜೆಲ್ಲಿ ಕಚ್ಚುತ್ತದಂತೆ?

ಕಚ್ಚುವುದಿಲ್ಲ, ಕುಟುಕುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಪಡುವಣ ಗಾಳಿ ಅವನ್ನು ದಡಕ್ಕೆ ತಳ್ಳುತ್ತದೆ. ಎರಡು ಬಗೆ ನೋಡುತ್ತೇವೆ. ನೀಲಿ ಗುಂಡಿಯಂತೆ ದುಂಡಗೆ ಇರುವುದು ಅಷ್ಟು ಅಪಾಯ ಅಲ್ಲ. ನೀಲಿ ಬಲೂನಿನಂತೆ ಉಬ್ಬಿ, ಉದ್ದ ದಾರದಂಥ ಬಾಲ ಇರುವುದು ತುಂಬಾ ನೋವು ಕೊಡುತ್ತದೆ. ಅದು ಸತ್ತು ಬಿದ್ದಿದ್ದರೂ ದಾರ ಮುಟ್ಟಿದರೆ ಉರಿಯುತ್ತದೆ. ಮುಟ್ಟಿದರೆ ಉಜ್ಜಬೇಡಿ. ದಾರವನ್ನು ಚಿಮುಟದಿಂದ ತೆಗೆದು, ಉರಿಯುವ ಜಾಗವನ್ನು ಕಡಲ ನೀರಿನಿಂದ ತೊಳೆದು, ಸಹಿಸುವಷ್ಟು ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಉಸಿರಾಟ ಕಷ್ಟ ಆದರೆ ಕಾಯಬೇಡಿ, ನೇರ ಆಸ್ಪತ್ರೆಗೆ. ಜೂನ್‌ನಿಂದ ಆಗಸ್ಟ್‌ವರೆಗೆ ನಾವು ಕಸದ ಕೆಲಸ ನಿಲ್ಲಿಸುತ್ತೇವೆ, ಬಳ್ಳಿ ನೆಡುವುದಕ್ಕೆ ಮಾತ್ರ ದಡದ ಮೇಲಿನ ಭಾಗಕ್ಕೆ ಹೋಗುತ್ತೇವೆ.

ಮರಳು ಅಳೆಯುವುದು ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ.

ದಡ ಒಂದೇ ಕಡೆ ನಿಂತಿರುವುದಿಲ್ಲ. ಮಳೆಗಾಲದ ದೊಡ್ಡ ಅಲೆಗಳು ಮರಳನ್ನು ಕಿತ್ತು ಸ್ವಲ್ಪ ದೂರ ನೀರಿನೊಳಗೆ ದಿಬ್ಬ ಮಾಡಿ ಇಡುತ್ತವೆ. ಅಕ್ಟೋಬರ್ ಆದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ವಾಪಸ್ ತರುತ್ತವೆ. ಹೋದಷ್ಟೇ ವಾಪಸ್ ಬಂದರೆ ದಡ ಆರೋಗ್ಯವಾಗಿದೆ. ಕಡಿಮೆ ಬಂದರೆ ಎಲ್ಲೋ ಏನೋ ತಪ್ಪಿದೆ, ಗೋಡೆ ಕಟ್ಟಿರಬಹುದು, ಮರಳು ತೆಗೆದಿರಬಹುದು. ಒಂದು ದಿನ ನೋಡಿದವರಿಗೆ ಇದು ತಿಳಿಯಲು ಸಾಧ್ಯವೇ ಇಲ್ಲ. ಮಳೆಗಾಲದಲ್ಲಿ ಬಂದವರು ಅಯ್ಯೋ ದಡ ಹೋಯಿತು ಅನ್ನುತ್ತಾರೆ, ಏಪ್ರಿಲ್‌ನಲ್ಲಿ ಬಂದವರು ಎಲ್ಲ ಸರಿ ಇದೆ ಅನ್ನುತ್ತಾರೆ.

ಅಳೆಯಲು ದುಬಾರಿ ಸಾಮಾನು ಬೇಡ. ಒಂದೂವರೆ ಮೀಟರಿನ ಎರಡು ಸಮ ಕೋಲು, ಮೇಲಿನಿಂದ ಕೆಳಗೆ ಸೆಂಟಿಮೀಟರ್ ಗುರುತು, ನಡುವೆ ಎರಡು ಮೀಟರ್ ಹಗ್ಗ. ಒಬ್ಬಳು ಕಡಲ ಕಡೆ ಕೋಲು ಹಿಡಿಯುತ್ತಾಳೆ, ಇನ್ನೊಬ್ಬ ಹಿಂದೆ. ಹಿಂದಿನವನು ಮುಂದಿನ ಕೋಲಿನ ತುದಿ ಮತ್ತು ದೂರದಲ್ಲಿ ಕಡಲು ಆಕಾಶ ಸೇರುವ ಗೆರೆ ಎರಡೂ ಒಂದೇ ಸಾಲಿಗೆ ಬರುವ ಹಾಗೆ ಕಣ್ಣಿಟ್ಟು ನೋಡುತ್ತಾನೆ. ಆ ಸಾಲು ತನ್ನ ಕೋಲಿನಲ್ಲಿ ಯಾವ ಅಂಕಿಗೆ ತಾಗಿತೋ ಅಷ್ಟು ಸೆಂಟಿಮೀಟರ್ ದಡ ಇಳಿದಿದೆ. ಬರೆದುಕೊಂಡು ಎರಡು ಮೀಟರ್ ಮುಂದೆ. ಹೀಗೆ ನೀರಿನ ಅಂಚಿನವರೆಗೆ. ಕೆ. ಓ. ಎಮರಿ ಅನ್ನುವ ಅಮೆರಿಕದ ಭೂವಿಜ್ಞಾನಿ 1961ರಲ್ಲಿ ವಿವರಿಸಿದ ವಿಧಾನ ಇದು. ಮನೆಗೆ ಹೋಗಿ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಸೇರಿಸಿದರೆ ದಡದ ಅಡ್ಡಚಿತ್ರ ಸಿಗುತ್ತದೆ. ಮೇ ತಿಂಗಳ ಗೆರೆಯ ಮೇಲೆ ಸೆಪ್ಟೆಂಬರ್ ಗೆರೆ ಇಟ್ಟು ನೋಡಿದ ಮಕ್ಕಳ ಮುಖ ನೀವು ನೋಡಬೇಕಿತ್ತು.

ಅಲೆಯನ್ನೂ ಅಳೆಯುತ್ತೇವೆ. ಒಂದು ಅಲೆ ಒಡೆದಾಗ ಗಡಿಯಾರ ಶುರು, ಅಲ್ಲಿಂದ ಹತ್ತನೇ ಅಲೆಗೆ ನಿಲ್ಲಿಸಿ, ಹತ್ತರಿಂದ ಭಾಗಿಸುವುದು. ದಡದ ಉದ್ದಕ್ಕೆ ನೀರು ಯಾವ ಕಡೆ ಹರಿಯುತ್ತದೆ ಅಂತ ತಿಳಿಯಲು ಒಬ್ಬ ದೊಡ್ಡವರು ಒಂದು ನಿಂಬೆಹಣ್ಣು ಎಸೆಯುತ್ತಾರೆ, ಒಂದು ನಿಮಿಷದಲ್ಲಿ ಅದು ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ ಹೋಯಿತು ಅಂತ ಮಕ್ಕಳು ದಡದ ಮೇಲೆ ನಡೆದು ಎಣಿಸುತ್ತಾರೆ. ಮರಳೂ ಅದೇ ಕಡೆ ಸಾಗುತ್ತದೆ.

ಇಂಥದ್ದನ್ನು ಶಾಲೆ ಮಕ್ಕಳಿಂದ ಮಾಡಿಸುವುದು ನಮ್ಮ ಹೊಸ ಯೋಚನೆ ಅಲ್ಲ. ಯುನೆಸ್ಕೋ ಬೆಂಬಲದ ಸ್ಯಾಂಡ್‌ವಾಚ್ ಅನ್ನುವ ಕಾರ್ಯಕ್ರಮ 1999ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಶುರುವಾಗಿ ಬೇರೆ ಸಾಗರಗಳ ದ್ವೀಪಗಳಿಗೂ ಹೋಯಿತು. ಅಳೆ, ಅರ್ಥ ಮಾಡಿಕೋ, ಹಂಚಿಕೋ, ಆಮೇಲೆ ಏನಾದರೂ ಮಾಡು, ಇದು ಅದರ ಕ್ರಮ. ನಾವು ಅದೇ ದಾರಿ ಹಿಡಿದಿದ್ದೇವೆ.

ಯಾವ ಗಿಡ ನೆಡುತ್ತೀರಿ? ಗಾಳಿಮರ ಚೆನ್ನಾಗಿ ಬೆಳೆಯುತ್ತದಲ್ವಾ?

ಗಾಳಿಮರ ಬೇಗ ಬೆಳೆಯುತ್ತದೆ, ನೆರಳು ಕೊಡುತ್ತದೆ, ಫೋಟೋಗೆ ಚೆಂದ. ಆದರೆ ಅದರ ಕೆಳಗೆ ಬೇರೆ ಗಿಡ ಹೆಚ್ಚು ಬೆಳೆಯುವುದಿಲ್ಲ. ಆಮೆ ಮೊಟ್ಟೆ ಇಡುವ ಬಿಸಿ ಮರಳಿಗೆ ನೆರಳು ಬೀಳುತ್ತದೆ, ಬೇರು ಅಡ್ಡ ಬರುತ್ತದೆ. ನಾವು ನೆಡುವುದಿಲ್ಲ.

ನಾವು ನೆಡುವುದು ಅಡುಂಬು ಬಳ್ಳಿ. ಕರಾವಳಿಯವರಿಗೆ ಪರಿಚಯ ಹೇಳಬೇಕಾಗಿಲ್ಲ, ಆಡಿನ ಗೊರಸಿನಂಥ ಸೀಳು ಎಲೆ, ನೇರಳೆ ಗುಲಾಬಿ ಹೂವು, ಮರಳಿನ ಮೇಲೆ ಮಾರುಗಟ್ಟಲೆ ಹರಿಯುವ ಬಳ್ಳಿ. ನಾನು ಹುಟ್ಟಿದ್ದು ಮರವಂತೆ ಹತ್ತಿರ, ಶಾಲೆಯಿಂದ ಬರುವಾಗ ಇದರ ಹೂ ಕೊಯ್ದು ಪೀಪಿ ಊದುತ್ತಿದ್ದೆವು. ಮರಾಠಿಯಲ್ಲಿ ಇದಕ್ಕೆ ಮರ್ಯಾದಾ ವೇಲ್ ಅನ್ನುತ್ತಾರೆ. ಮರ್ಯಾದೆ ಅಂದರೆ ಗಡಿ, ಕಡಲು ಇಲ್ಲಿಗೇ ನಿಲ್ಲಲಿ ಅನ್ನುವ ಗೆರೆ. ಎಷ್ಟು ಒಳ್ಳೆಯ ಹೆಸರು!

ಬಳ್ಳಿಯ ಪ್ರತಿ ಗಿಣ್ಣಿನಲ್ಲೂ ಬೇರು ಬಿಡುತ್ತದೆ. ಗಾಳಿಗೆ ಹಾರುವ ಮರಳು ಎಲೆಗೆ ತಡೆದು ಬೀಳುತ್ತದೆ, ಬಳ್ಳಿ ಮೇಲೆ ಬರುತ್ತದೆ, ಮತ್ತೆ ಮರಳು ಬೀಳುತ್ತದೆ. ಹೀಗೆ ದಿಬ್ಬ ಏಳುತ್ತದೆ. ಆ ದಿಬ್ಬವೇ ಬಿರುಗಾಳಿಯ ದಿನ ದಡದ ಉಳಿತಾಯ ಖಾತೆ, ಅಲೆ ಬಂದಾಗ ಅಲ್ಲಿಂದ ಮರಳು ಕೊಡುತ್ತದೆ. ಕಲ್ಲಿನ ಗೋಡೆ ಕೊಡುವುದಿಲ್ಲ. ಗೋಡೆಗೆ ಬಡಿದ ಅಲೆ ಬುಡದ ಮರಳನ್ನೇ ಕೆರೆದುಕೊಂಡು ಹೋಗುತ್ತದೆ, ಉಳ್ಳಾಲದ ಕಡೆಯವರನ್ನು ಕೇಳಿ. ಅಡುಂಬಿನ ಜೊತೆಗೆ ರಾವಣನ ಮೀಸೆ ಅನ್ನುವ ಮುಳ್ಳು ಹುಲ್ಲು, ಹಿಂದಿನ ಸಾಲಿಗೆ ಕೇದಗೆ.

ಜೂನ್ ಮೊದಲ ಮಳೆ ಬಿದ್ದ ವಾರ ನೆಡುವುದು. ಮೊಳ ಉದ್ದದ ಬಳ್ಳಿ, ಮೂರು ನಾಲ್ಕು ಗಿಣ್ಣು ಇರಬೇಕು, ಎರಡು ಗಿಣ್ಣು ಮರಳಿನೊಳಗೆ. ಆಮೇಲೆ ನಾಲ್ಕು ಬಿದಿರು, ಒಂದು ಹಗ್ಗ, ಜನ ಬೇರೆ ದಾರಿಯಲ್ಲಿ ನಡೆಯಲಿ ಅಂತ. ನೀರು ಹಾಕಬೇಕಿಲ್ಲ. ತುಳಿಯದಿದ್ದರೆ ಸಾಕು. ಒಂದು ವಿಷಯ ಮರೆಯಬೇಡಿ: ಮರಳಿನ ದಿಬ್ಬ 2019ರ ಕರಾವಳಿ ನಿಯಂತ್ರಣ ನಿಯಮದಲ್ಲಿ ಅತಿ ಸೂಕ್ಷ್ಮ ಜಾಗ. ನಿಮ್ಮಷ್ಟಕ್ಕೆ ಏನೂ ನೆಡಬೇಡಿ, ಮೊದಲು ಬರವಣಿಗೆಯಲ್ಲಿ ಅನುಮತಿ ತೆಗೆದುಕೊಳ್ಳಿ.

ನಮ್ಮ ಶಾಲೆಯಿಂದ ಇನ್ನೂರು ಮಕ್ಕಳು ಒಂದು ದಿನ ಬಂದು ಸ್ವಚ್ಛ ಮಾಡಬಹುದಾ?

ಬೇಡ ಅಂತ ಹೇಳಲು ಬೇಜಾರಾಗುತ್ತದೆ, ಆದರೂ ಬೇಡ. ಒಂದು ಸಲ ಹೀಗೆ ಆಯಿತು. ಒಂದು ಶಾಲೆಯವರು ಬಸ್ಸು ಮಾಡಿಕೊಂಡು, ಟೋಪಿ ಹಾಕಿಕೊಂಡು ಬಂದರು. ನಾವು ಅಂದು ಇರಲಿಲ್ಲ. ಪಾಪ, ಮಕ್ಕಳು ನಿಜವಾದ ಮನಸ್ಸಿನಿಂದಲೇ ಕೆಲಸ ಮಾಡಿದ್ದಾರೆ. ಕಸದ ಜೊತೆ ನಮ್ಮ ಎರಡು ವರ್ಷದ ಅಡುಂಬನ್ನೂ ಕಳೆ ಅಂತ ಕಿತ್ತು ಚೀಲಕ್ಕೆ ತುಂಬಿದ್ದರು. ಮುಂದಿನ ವಾರ ಹೋದಾಗ ಬಿದಿರು ಮಾತ್ರ ನಿಂತಿತ್ತು. ಬಳ್ಳಿಗೆ ಹೆಸರಿಟ್ಟಿದ್ದ ಇಬ್ಬರು ಹುಡುಗಿಯರು ಅಲ್ಲೇ ಕೂತು ಅತ್ತರು. ನನಗೂ ತಡೆಯಲಾಗಲಿಲ್ಲ.

ನಿಮ್ಮ ಶಾಲೆಯಿಂದ ಹತ್ತು ಮಕ್ಕಳನ್ನು ಕಳಿಸಿ, ಅದೇ ಹತ್ತು ಮಕ್ಕಳನ್ನು ವರ್ಷಪೂರ್ತಿ ಕಳಿಸಿ. ಸೆಪ್ಟೆಂಬರ್ ಮೂರನೇ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ ಇರುತ್ತದೆ, ಅಂದು ದೊಡ್ಡ ಗುಂಪಿಗೆ ಜುಹೂ, ದಾದರ್ ಕಡೆ ಬೇಕಾದಷ್ಟು ಕೆಲಸ ಸಿಗುತ್ತದೆ.

ಗಣೇಶ ವಿಸರ್ಜನೆಯ ಮರುದಿನ ಹೋಗುತ್ತೀರಾ?

ಹೋಗುತ್ತೇವೆ, ಹತ್ತನೇ ತರಗತಿಯ ಮಕ್ಕಳ ಜೊತೆ ಮಾತ್ರ. ಅರ್ಧ ಕರಗದೆ ಬಿದ್ದ ಪ್ಲಾಸ್ಟರ್ ಮೂರ್ತಿಗಳನ್ನು ನೋಡುವುದು ಭಕ್ತಿ ಇರುವ ಮಗುವಿಗೆ ಸುಲಭ ಅಲ್ಲ. ಅವನ್ನು ಕಸದ ಚೀಲಕ್ಕೆ ಹಾಕುವುದಿಲ್ಲ, ಬೇರೆಯಾಗಿ ಜೋಡಿಸಿ ಪಾಲಿಕೆಯವರಿಗೆ ಒಪ್ಪಿಸುತ್ತೇವೆ. ಹೂವು ಗೊಬ್ಬರಕ್ಕೆ. ಆ ದಿನಗಳಲ್ಲಿ ಆಳ ಇಲ್ಲದ ನೀರಿನಲ್ಲಿ ತೊರಕೆ ಮೀನು (ಸ್ಟಿಂಗ್‌ರೇ) ಇರುತ್ತದೆ, 2013ರಲ್ಲಿ ಗಿರಗಾಂವ್ ಚೌಪಾಟಿಯಲ್ಲಿ ವಿಸರ್ಜನೆಗೆ ಇಳಿದ ಹಲವರಿಗೆ ಅದರ ಮುಳ್ಳು ಚುಚ್ಚಿತ್ತು. ಅದಕ್ಕೇ ನೀರಿಗೆ ಇಳಿಯುವುದಿಲ್ಲ.

ಮನೆಯಲ್ಲಿ ಮಣ್ಣಿನ ಗಣಪ ಕೂರಿಸಿ ಬಕೆಟ್‌ನಲ್ಲಿ ಬಿಡುವ ಮನೆಗಳು ನಮ್ಮ ಗುಂಪಿನಲ್ಲಿ ಜಾಸ್ತಿಯಾಗಿವೆ. ಹಠ ಹಿಡಿದದ್ದು ಮಕ್ಕಳು.

ಕಡಲಾಮೆ ಸಿಕ್ಕರೆ?

ಮುಟ್ಟಬೇಡಿ, ಗದ್ದಲ ಮಾಡಬೇಡಿ, ಟಾರ್ಚ್ ಬಿಡಬೇಡಿ, ಸೆಲ್ಫಿ ಬೇಡವೇ ಬೇಡ. ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನ್ ಮಾಡಿ. ಗಾಯಗೊಂಡ ಆಮೆಯನ್ನು ಮತ್ತೆ ನೀರಿಗೆ ತಳ್ಳುವುದು ತಪ್ಪು, ಈಜಲು ಶಕ್ತಿ ಇಲ್ಲದೆಯೇ ಅದು ದಡಕ್ಕೆ ಬಂದಿರುತ್ತದೆ. ಪಾಲ್ಘರ್ ಜಿಲ್ಲೆಯ ಡಹಾಣೂವಿನಲ್ಲಿ ಕಡಲಾಮೆಗಳಿಗೆ ಚಿಕಿತ್ಸೆ ಕೊಡುವ ಕೇಂದ್ರ ಇದೆ. ಆಲಿವ್ ರಿಡ್ಲಿ ಆಮೆ ವನ್ಯಜೀವಿ ಕಾನೂನಿನ ಮೊದಲ ಪಟ್ಟಿಯಲ್ಲಿದೆ, ಮೊಟ್ಟೆ ಮುಟ್ಟಿದರೂ ಅಪರಾಧ.

ಮರಿಗಳು ನೀರಿಗೆ ಹೋಗುವುದನ್ನು ಮಕ್ಕಳಿಗೆ ತೋರಿಸಬೇಕು ಅಂದರೆ ರತ್ನಾಗಿರಿ ಜಿಲ್ಲೆಯ ವೇಳಾಸ್ ಊರಿಗೆ ಕರೆದುಕೊಂಡು ಹೋಗಿ. ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಿಂದ ಅಲ್ಲಿ ಊರವರ ಜೊತೆ ಗೂಡು ಕಾಯುವ ಕೆಲಸ ಶುರು ಮಾಡಿತು. ಊರವರ ಮನೆಯಲ್ಲೇ ಊಟ, ವಸತಿ.

ಘಾರಾಪುರಿಗೆ ಕರೆದುಕೊಂಡು ಹೋಗುತ್ತೀರಾ?

ವರ್ಷಕ್ಕೆ ಒಂದು ಸಲ, ನೋಡಲು. ಎಲಿಫೆಂಟಾ ಗುಹೆ ಇರುವ ದ್ವೀಪ ಅದೇ. ಅಲ್ಲಿಯ ಅಂಚು ಹೆಚ್ಚಿನ ಕಡೆ ಕೆಸರು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಕ್ಕಳು ಇಳಿದರೆ ಕಾಲು ಹೂತುಹೋಗುತ್ತದೆ. ಜೆಟ್ಟಿಯ ಮೇಲಿಂದ ಬೇರುಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಎಣಿಸಿ ಬರುತ್ತೇವೆ. ಸೋಮವಾರ ಗುಹೆ ಮುಚ್ಚಿರುತ್ತದೆ.

ಮಾರ್ಕ್ಸ್, ಸರ್ಟಿಫಿಕೇಟ್ ಸಿಗುತ್ತದಾ?

ಸರ್ಟಿಫಿಕೇಟ್ ನಾವು ಕೊಡುವುದಿಲ್ಲ. ಪರಿಸರ ಪ್ರಾಜೆಕ್ಟ್‌ಗೆ ಮಗು ತನ್ನ ಅಳತೆ ಪುಸ್ತಕ ತೋರಿಸಬಹುದು, ಶಿಕ್ಷಕರಿಗೆ ಪತ್ರ ಬೇಕಾದರೆ ಬರೆದುಕೊಡುತ್ತೇನೆ.

ಕನ್ನಡದಲ್ಲೇ ಯಾಕೆ ಬರೆಸುತ್ತೀರಿ? ಮಕ್ಕಳು ಇಂಗ್ಲಿಷ್ ಮೀಡಿಯಂ.

ಅದಕ್ಕೇ. ಮುಂಬೈ ಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳೂ ನಮ್ಮ ಜೊತೆ ಬರುತ್ತಾರೆ, ಇಂಗ್ಲಿಷ್ ಮೀಡಿಯಂನವರೂ ಬರುತ್ತಾರೆ. ಪುಸ್ತಕ ಒಂದೇ, ಕನ್ನಡದ್ದು. ಪಾಲಿಕೆ ಶಾಲೆಯ ಮಗು ಇಲ್ಲಿ ಬರೆಯುವುದರಲ್ಲಿ ಮುಂದೆ, ಬೇರೆಯವರಿಗೆ ಅಕ್ಷರ ಹೇಳಿಕೊಡುತ್ತದೆ. ಆ ಮಗು ತಲೆ ಎತ್ತಿ ಕೂರುವುದನ್ನು ನೋಡಿ ನನಗೆ ತುಂಬಾ ಖುಷಿ ಆಗುತ್ತದೆ. ಮತ್ತೆ ಹೆಸರುಗಳು. ಅಡುಂಬು, ತೊರಕೆ, ಮರುವಾಯಿ, ಹೊಯ್ಗೆ, ಭರತ. ಅಜ್ಜಿಗೆ ಫೋನ್ ಮಾಡಿ ಇದಕ್ಕೆ ಊರಲ್ಲಿ ಏನಂತಾರೆ ಅಂತ ಕೇಳುವುದು ನಮ್ಮ ಹೋಮ್‌ವರ್ಕ್. ಕುಂದಾಪುರದ ಅಜ್ಜಿ ಒಂದು ಹೆಸರು ಹೇಳಿದರೆ ಮೂಲ್ಕಿಯ ಅಜ್ಜಿ ತುಳುವಿನಲ್ಲಿ ಇನ್ನೊಂದು, ಎರಡೂ ಪುಸ್ತಕಕ್ಕೆ ಹೋಗುತ್ತವೆ.

ರಜೆಗೆ ಊರಿಗೆ ಹೋದಾಗ ಏನು ಮಾಡಬಹುದು?

ಕೋಲು, ಹಗ್ಗ ತೆಗೆದುಕೊಂಡು ಹೋಗಿ. ಅಜ್ಜಿ ಮನೆ ಹತ್ತಿರದ ದಡದಲ್ಲಿ ಒಂದು ತೆಂಗಿನಮರ ಗುರುತು ಮಾಡಿ, ಅಲ್ಲಿಂದ ನೀರಿನ ಅಂಚಿನವರೆಗೆ ಅಳೆಯಿರಿ. ಇಳಿತದ ಹೊತ್ತು, ತಾರೀಕು ಬರೆದಿಡಿ. ಮುಂದಿನ ಮೇ ತಿಂಗಳು ಅದೇ ಮರದಿಂದ ಮತ್ತೆ. ಮರವೇ ಇಲ್ಲದಿದ್ದರೆ ಅದನ್ನೂ ಬರೆಯಿರಿ.

ಮುಂದಿನ ಸಲ ಎಲ್ಲಿ ಸೇರುವುದು, ಏನು ತರಬೇಕು?

ವರ್ಸೋವಾ ದೋಣಿ ಕಟ್ಟೆಯಲ್ಲಿ, ಇಳಿತಕ್ಕೆ ಒಂದೂವರೆ ಗಂಟೆ ಮೊದಲು. ಎರಡು ನಿಮಿಷ ತಡ ಆದರೂ ಫೋನ್ ಮಾಡಿ, ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಮುಚ್ಚಿದ ಶೂ, ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಡಬ್ಬದಲ್ಲಿ ಅವಲಕ್ಕಿಯೋ ಇಡ್ಲಿಯೋ ತನ್ನಿ. ಪೊಟ್ಟಣದ ತಿಂಡಿ ಬೇಡ. ಪೆನ್ಸಿಲ್ ತನ್ನಿ, ಪೆನ್ ಬೇಡ, ಒದ್ದೆ ಕಾಗದದಲ್ಲಿ ಹರಡುತ್ತದೆ. ಯಾರಾದರೂ ಒಬ್ಬರು ಎರಡು ನಿಂಬೆಹಣ್ಣು ತನ್ನಿ.